ಆಫ್-ಪಿಸ್ಟ್ ಕಲಿಯೋಕೆ ಅಂತ ಸೇಂಟ್ ಆಂಟನ್‌ಗೆ ಹೋಗಬೇಡಿ

ಫೆಬ್ರುವರಿಯ ಒಂದು ಸಂಜೆ ನಾಲ್ಕೂವರೆಗೆ ನಾನು ಆಸ್ಟ್ರಿಯಾದ ಸೇಂಟ್ ಆಂಟನ್ ಊರಿನ ಒಂದು ಬೆಟ್ಟದ ಇಳಿಜಾರಿನಲ್ಲಿ ಹಿಮದ ಮೇಲೆ ಕೂತು 140ಕ್ಕೆ ಫೋನ್ ಮಾಡುತ್ತಿದ್ದೆ. ಅದು ಅಲ್ಲಿನ ಪರ್ವತ ರಕ್ಷಣಾ ದಳದ ನಂಬರ್. ಬಲ ಮೊಣಕಾಲು ಊದಿ ಪ್ಯಾಂಟ್ ಬಿಗಿಯಾಗಿತ್ತು. ನನ್ನ ಥರ ಇನ್ನೊಬ್ಬರು ಅಲ್ಲಿ ಕೂರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ತಪ್ಪು ಮುಕ್ಕಾಲು ಪಾಲು ನನ್ನದೇ.

ನಾನಿರುವುದು ಮ್ಯೂನಿಕ್‌ನಲ್ಲಿ. ಸ್ಕೀ ಕಲಿತು ನಾಲ್ಕು ಚಳಿಗಾಲ ಆಗಿತ್ತು. ಸುಲಭದ ನೀಲಿ ಪಿಸ್ಟ್ ಆರಾಮ, ಅದಕ್ಕಿಂತ ಕಷ್ಟದ ಕೆಂಪು ಪಿಸ್ಟ್ ದೇವರ ದಯೆ. ಪಿಸ್ಟ್ ಅಂದರೆ ರಾತ್ರಿ ಯಂತ್ರ ಓಡಿಸಿ ಹಿಮವನ್ನು ಒತ್ತಿ ಹದ ಮಾಡಿದ ದಾರಿ. ಅದನ್ನು ಬಿಟ್ಟು ಯಂತ್ರ ಮುಟ್ಟದ ಹಿಮದಲ್ಲಿ ಇಳಿಯುವುದು ಆಫ್-ಪಿಸ್ಟ್. ಶಿವಮೊಗ್ಗದ ಗೆಳೆಯನೊಬ್ಬನಿಗೆ ಅದರ ಹುಚ್ಚು ಹಿಡಿಯಿತು, ನನಗೂ ಹಿಡಿಸಿದ. ಇಬ್ಬರೂ ಕೂತು "ಯುರೋಪಿನ ಬೆಸ್ಟ್ ಆಫ್-ಪಿಸ್ಟ್ ಜಾಗಗಳು" ಅಂತ ಹುಡುಕಿದೆವು. ಶಾಮೊನಿ, ವರ್ಬಿಯೆ, ಲಾ ಗ್ರಾವ್, ಸೇಂಟ್ ಆಂಟನ್. ಎಲ್ಲಿ ನೋಡಿದರೂ ಇವೇ ಹೆಸರು.

ಇವು ಯಾರಿಗೆ ಬೆಸ್ಟ್ ಅಂತ ಮಾತ್ರ ಕೇಳಿಕೊಳ್ಳಲಿಲ್ಲ. ಲಾ ಗ್ರಾವ್‌ನಲ್ಲಿ ಕೇಬಲ್ ಕಾರು 3200 ಮೀಟರ್ ಎತ್ತರಕ್ಕೆ ಬಿಟ್ಟು ಬರುತ್ತದೆ. ಕೆಳಗಿನ ತನಕ ಹದ ಮಾಡಿದ ದಾರಿಯೇ ಇಲ್ಲ, ನಡುವೆ ಹೆದರಿದರೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಹಾಗಿಲ್ಲ. ಶಾಮೊನಿಯ ವಾಲೆ ಬ್ಲಾಂಶ್ ಅನ್ನುವ ಆಫ್-ಪಿಸ್ಟ್ ದಾರಿಯ ಬಗ್ಗೆ ಒಂದು ಕಡೆ "ಇಳಿಜಾರು ಕಡಿಮೆ, ಹೊಸಬರಿಗೂ ಆಗುತ್ತೆ" ಅಂತ ಬರೆದಿದ್ದರು. ಇಳಿಜಾರು ಕಡಿಮೆ ಅನ್ನುವುದು ನಿಜವೇ. ಆದರೆ ಹೊರಡುವುದು 3842 ಮೀಟರಿನ ಎಗ್ವೀ ದ್ಯು ಮಿಡಿ ಶಿಖರದಿಂದ. ಮೊದಲು ಚೂಪಾದ ಏಣಿನ ಮೇಲೆ ಸ್ಕೀ ಹೊತ್ತು ನಡೆದು ಇಳಿಯಬೇಕು. ಆಮೇಲೆ ಸುಮಾರು 20 ಕಿಲೋಮೀಟರ್ ಹಿಮನದಿಯ ಮೇಲೆ. ಹಿಮದ ತೆಳು ಹೊದಿಕೆಯ ಕೆಳಗೆ ಎಲ್ಲಿ ಬಿರುಕಿದೆ ಅಂತ ಗೈಡ್‌ಗೆ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ.

ನಾವು ಸೇಂಟ್ ಆಂಟನ್ ಆರಿಸಿದ ಕಾರಣ ಕೇಳಿದರೆ ನಗುತ್ತೀರಿ. ರೈಲು ಊರೊಳಗೇ ನಿಲ್ಲುತ್ತದೆ. ಅಷ್ಟೇ.

ಅಲ್ಲಿನ ನೀಲಿ ಪಿಸ್ಟೇ ಬೇರೆ ಊರಿನ ಕೆಂಪಿನ ಹಾಗೆ ಅಂತ ಬೆಳಿಗ್ಗೆಯೇ ಗೊತ್ತಾಯಿತು. ಅಲ್ಲಿಗೇ ಬುದ್ಧಿ ಬರಬೇಕಿತ್ತು. ಜಾತ್ರೆಯ ತೊಟ್ಟಿಲಿನಂತೆ ದೊಡ್ಡ ಚಕ್ರ ತಿರುಗುವ ಗಾಲ್ಜಿಗ್ ಲಿಫ್ಟ್ ಹತ್ತಿ, ಮೇಲಿನ ಕೇಬಲ್ ಕಾರು ಹಿಡಿದು, 2650 ಮೀಟರಿನ ವಲ್ಲೂಗಾಗ್ರಾಟ್ ತಲುಪಿದೆವು. ಮ್ಯಾಪಿನಲ್ಲಿ ಡೈಮಂಡ್ ಗುರುತಿನ "ಸ್ಕೀರೂಟ್" ಇತ್ತು. ಗೆಳೆಯ, "ಮ್ಯಾಪಲ್ಲೇ ಇದೆ ಕಣೋ ಮಾರಾಯ, ಏನೂ ಆಗಲ್ಲ ಬಾ" ಅಂದ.

ಈ ಸ್ಕೀರೂಟ್ ಏನೆಂದು ತಿಳಿದುಕೊಳ್ಳಿ. ಆಸ್ಟ್ರಿಯಾದಲ್ಲಿ ಅದಕ್ಕೆ ಗುರುತು ಹಾಕಿರುತ್ತಾರೆ, ಹಿಮಕುಸಿತದ ಅಪಾಯ ನೋಡಿಕೊಂಡು ತೆರೆಯುತ್ತಾರೆ, ಮುಚ್ಚುತ್ತಾರೆ. ಹಿಮ ಹದ ಮಾಡುವುದಿಲ್ಲ. ಸಂಜೆ ಪಿಸ್ಟ್ ಮೇಲೆ ಯಾರಾದರೂ ಉಳಿದಿದ್ದಾರಾ ಅಂತ ನೋಡುತ್ತಾರಲ್ಲ, ಹಾಗೆ ಇಲ್ಲಿ ಯಾರೂ ಬರುವುದಿಲ್ಲ. ಸ್ವಿಟ್ಜರ್ಲೆಂಡಿನ ಹಳದಿ ಗುರುತಿನ ದಾರಿಗಳೂ ಹೆಚ್ಚುಕಡಿಮೆ ಇದೇ ಜಾತಿ.

ಆ ದಿನ ಹಿಮಕುಸಿತದ ಎಚ್ಚರಿಕೆ 5ರಲ್ಲಿ 3 ಇತ್ತು. ಐದಕ್ಕೆ ಮೂರು ಅಂದರೆ ನಡುವೆ ಅಲ್ವಾ ಅಂದುಕೊಂಡೆ. ಆ ಲೆಕ್ಕವೇ ಬೇರೆ. ಒಂದೊಂದು ಮೆಟ್ಟಿಲಿಗೂ ಅಪಾಯ ದುಪ್ಪಟ್ಟಿಗಿಂತ ಜಾಸ್ತಿ ಏರುತ್ತದೆ. 4, 5 ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ, 3 ಇದ್ದಾಗ ನನ್ನಂಥವರು ಹೊರಡುತ್ತಾರೆ. ಆಲ್ಪ್ಸ್‌ನಲ್ಲಿ ಹೆಚ್ಚು ಜನ ಸಾಯುವುದು ಅಂಥ ದಿನಗಳಲ್ಲೇ. ಸ್ಕೀ ಮಾಡುವವರನ್ನು ಹೂಳುವ ಹಿಮಕುಸಿತವನ್ನು ಬಹುಪಾಲು ಅವರೇ, ಇಲ್ಲ ಜೊತೆಯವರೇ, ಕೆದಕಿ ಇಳಿಸಿರುತ್ತಾರೆ.

ಸ್ವಲ್ಪ ಕೆಳಗೆ ಬಂದಾಗ ಎಡಕ್ಕೆ ಯಾರೋ ಹೋದ ಗೆರೆಗಳು ಕಂಡವು. ಆ ಕಡೆ ಹಿಮ ರವೆ ಸುರಿದ ಹಾಗಿತ್ತು. ಗುರುತು ಬಿಟ್ಟು ಅತ್ತ ತಿರುಗಿದೆವು. ಮೂವತ್ತು ಮೀಟರ್ ಹೋಗಿಲ್ಲ, ಕಾಲಡಿಯಿಂದ "ವೂಂಫ್" ಅಂತ ಮಂದ ಸದ್ದು. ತುಂಬಿದ ಮೂಟೆಯನ್ನು ಅಟ್ಟದ ಮೇಲೆ ಎತ್ತಿ ಹಾಕಿದ ಹಾಗೆ. ನಿಂತಿದ್ದ ಹಿಮ ಒಂದಿಷ್ಟು ಕುಸಿಯಿತು. ಒಳಗಿನ ಸಡಿಲ ಪದರ ಮುರಿದಾಗ ಬರುವ ಸದ್ದು ಅದು. ಅಲ್ಲಿ ನೆಲ ಚಪ್ಪಟೆ ಇತ್ತು, ಬದುಕಿದೆವು. 30 ಡಿಗ್ರಿ ಮೀರಿದ ಇಳಿಜಾರಾಗಿದ್ದರೆ ಮೇಲಿನ ಪದರ ಪೂರ್ತಿ ಜಾರಬಹುದಿತ್ತು. ನಮ್ಮ ಹತ್ತಿರ ಹಿಮದಡಿ ಹೂತವರನ್ನು ಸಿಗ್ನಲ್‌ನಿಂದ ಪತ್ತೆಹಚ್ಚುವ ಟ್ರಾನ್ಸೀವರ್ ಇಲ್ಲ, ಸಲಿಕೆ ಇಲ್ಲ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್ ಇಲ್ಲ. ಬ್ಯಾಗಿನಲ್ಲಿ ಇದ್ದದ್ದು ಚಕ್ಕುಲಿ. ಇಟಲಿಯಲ್ಲಂತೂ 2022ರಿಂದ, ಹಿಮಕುಸಿತದ ಭಯವಿರುವ ಕಡೆ ಪಿಸ್ಟ್ ಬಿಟ್ಟು ಹೋಗುವವರು ಈ ಮೂರನ್ನೂ ಇಟ್ಟುಕೊಳ್ಳಲೇಬೇಕು ಅಂತ ಕಾನೂನೇ ಇದೆ.

ಬಂದ ದಾರಿಯಲ್ಲೇ ಅಡ್ಡಡ್ಡ ಹೆಜ್ಜೆ ಇಟ್ಟು ವಾಪಸ್ ಹತ್ತಲು ಒಂದು ಗಂಟೆ ಹಿಡಿಯಿತು. ಬಾಡಿಗೆ ಸ್ಕೀ ಪಿಸ್ಟಿನದು, ಕಾಲಡಿಯಲ್ಲಿ 70 ಮಿಲಿಮೀಟರ್ ಚಿಲ್ಲರೆ ಅಗಲ, ಮೆತ್ತನೆ ಹಿಮದಲ್ಲಿ ಚಾಕುವಿನಂತೆ ಇಳಿಯುತ್ತಿತ್ತು. ಅಂಗಡಿಯವನು ಎಲ್ಲಿಗೆ ಹೋಗ್ತೀರಿ ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ. ಸ್ಕೀರೂಟ್ ಸೇರಿದಾಗ ತೊಡೆ ನಡುಗುತ್ತಿತ್ತು. ಅಲ್ಲಿ ನೋಡಿದರೆ ಬೋರಲು ಹಾಕಿದ ಹಂಡೆಗಳ ಹಾಗೆ ಸಾಲು ಸಾಲು ಹಿಮದ ಗುಬ್ಬಗಳು. ಐದೋ ಆರೋ ದಾಟಿದೆ. ಮುಂದಿನದರಲ್ಲಿ ಒಂದು ಸ್ಕೀ ಸಿಕ್ಕಿಕೊಂಡು, ಮೈ ಒಂದು ಕಡೆ, ಕಾಲು ಒಂದು ಕಡೆ.

ರಕ್ಷಣಾ ದಳದವರು ಬಂದರು, ಬೈಯಲಿಲ್ಲ. ಅಕ್ಯಾ ಅನ್ನುವ ದೋಣಿಯಂಥ ಜಾರುಬಂಡಿಯಲ್ಲಿ ಕಟ್ಟಿ ಇಳಿಸಿದರು. ಆಮೇಲೆ ಬಿಲ್ ಬಂತು. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಇದೆ ಅಂತ ಧೈರ್ಯವಾಗಿದ್ದೆ, ಬೆಟ್ಟದಿಂದ ಇಳಿಸಿದ ಖರ್ಚು ಕೈಯಿಂದಲೇ ಹೋಯಿತು. ಜರ್ಮನ್ ಆಲ್ಪೈನ್ ಕ್ಲಬ್ಬಿನ ಸದಸ್ಯನಾಗಿದ್ದರೆ ರಕ್ಷಣಾ ಖರ್ಚು 25,000 ಯೂರೋ ತನಕ ಅವರ ವಿಮೆಯಲ್ಲೇ ಬರುತ್ತಿತ್ತು. ಊರಿಂದ ಪ್ರವಾಸಕ್ಕೆ ಬರುವವರು ನಿಮ್ಮ ಟ್ರಾವೆಲ್ ಪಾಲಿಸಿಯಲ್ಲಿ ಸ್ಕೀಯಿಂಗ್ ಸೇರಿದೆಯಾ, ಪಿಸ್ಟ್ ಆಚೆಗೂ ಸೇರಿದೆಯಾ ಅಂತ ಒಮ್ಮೆ ಓದಿ.

ಮುಂದಿನ ವರ್ಷ ಅದೇ ಲಿಫ್ಟ್ ಪಾಸ್‌ನಲ್ಲಿ ಲೆಹ್‌ಗೆ (Lech) ಹೋದೆ. ಲಡಾಖಿನದಲ್ಲ, ಆಸ್ಟ್ರಿಯಾದ್ದೇ. 2016ರಲ್ಲಿ ಫ್ಲೆಕ್ಸನ್ ಲಿಫ್ಟ್ ಬಂದ ಮೇಲೆ ಸೇಂಟ್ ಆಂಟನ್, ಲೆಹ್ ಎರಡೂ ಲಿಫ್ಟಿನಲ್ಲೇ ಸೇರಿವೆ. ಅಂದರೆ ನಮಗೆ ಬೇಕಾದ ಜಾಗ ಆ ದಿನವೂ ಟಿಕೆಟ್‌ನಲ್ಲೇ ಇತ್ತು! ಲೆಹ್‌ನಲ್ಲಿ ಸೌಮ್ಯ ಇಳಿಜಾರುಗಳು ಜಾಸ್ತಿ. ಈ ಸಲ ಶಿಕ್ಷಕಿ ಇದ್ದರು, ಅಗಲದ ಸ್ಕೀ ಇತ್ತು. ಪೂರ್ತಿ ಬೆಳಿಗ್ಗೆ ನೀಲಿ ಪಿಸ್ಟಿನ ಅಂಚಿನಿಂದ ಐದು ಮೀಟರ್ ಆಚೆಗೆ ಬಿಡಲಿಲ್ಲ. ಹನ್ನೊಂದು ಸಲ ಬಿದ್ದೆ, ಹನ್ನೊಂದು ಸಲವೂ ನಾಲ್ಕು ಹೆಜ್ಜೆಗೆ ಪಿಸ್ಟ್ ಸಿಕ್ಕಿತು. ಊರು ಆರಿಸುವಾಗ ನೋಡಬೇಕಾದದ್ದು ಇದನ್ನೇ: ಸಾಕಾಯಿತು ಅನ್ನಿಸಿದಾಗ ಪಿಸ್ಟ್ ಎಷ್ಟು ದೂರ.

ಮೊನ್ನೆ ಗೆಳೆಯ ಮೆಸೇಜ್ ಮಾಡಿದ್ದ, "ಈ ಸಲ ಲಾ ಗ್ರಾವ್ ನೋಡೋಣ್ವಾ?" ನಾನು ಮೊಣಕಾಲಿನ ಎಂಆರ್‌ಐ ಫೋಟೋ ಕಳಿಸಿದೆ.