‘ಡಿ ಡ್ರೈವ್‌ನಾಗೆ ಐತಿ ಬಿಡ್ರಿ’ ಅಂದವರ ಕಂಪ್ಯೂಟರ್

ದಾವಣಗೆರೆಯಲ್ಲಿ ಡಿಟಿಪಿ, ಫ್ಲೆಕ್ಸ್, ಮದುವೆ ಆಲ್ಬಮ್ ಮಾಡುವ ಒಂದು ಅಂಗಡಿ. ಹೆಸರು ಬೇಡ. ಒಂದು ಟಿಬಿ ಹಾರ್ಡ್ ಡಿಸ್ಕ್. ಸಿ, ಡಿ, ಇ ಅಂತ ಮೂರು ಪಾಲು. ಕೆಲಸವೆಲ್ಲ ಡಿಯಲ್ಲಿ, ಅದರ ‘ಬ್ಯಾಕಪ್’ ಇಯಲ್ಲಿ. ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದು, ಮತ್ತೆ ಹೋಗಿ ಬಂದು ಮಾಡಿತು. ಯುಪಿಎಸ್ ಇತ್ತು, ಒಳಗಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಮತ್ತೆ ಆನ್ ಮಾಡಿದಾಗ ಡಿ ಕಾಣಿಸಿತು, ತೆರೆಯಲಿಲ್ಲ. ಇ ಕೂಡ ಅಷ್ಟೇ.

ಡಿ ಎಂದರೆ ಬೇರೆ ಪೆಟ್ಟಿಗೆ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಿಂಡೋಸ್ ಕೆಟ್ಟಾಗ ರಿಪೇರಿಯವರು ಸಿಯನ್ನು ಮಾತ್ರ ಅಳಿಸಿ ಹೊಸದಾಗಿ ಹಾಕುತ್ತಾರೆ, ಡಿ ಹಾಗೇ ಉಳಿಯುತ್ತದೆ. ನಾಲ್ಕು ಸಲ ಹಾಗೆ ಉಳಿದದ್ದನ್ನು ನೋಡಿದವರಿಗೆ ಧೈರ್ಯ ಬಂದುಬಿಡುತ್ತದೆ. ಆದರೆ ಮೂರೂ ಪಾಲು ಕೂತಿರುವುದು ಅವೇ ತಟ್ಟೆಗಳ ಮೇಲೆ, ಓದುವ ಹೆಡ್ಡುಗಳೂ ಅವೇ. ದುರ್ಗದ ಕೋಟೆಗೆ ಏಳು ಸುತ್ತಿದ್ದರೂ ಬೆಟ್ಟ ಒಂದೇ ತಾನೇ?

ಆಮೇಲೆ ಅಂಗಡಿಯಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದಾಗ ಕ್ಯಾನ್ಸಲ್ ಒತ್ತಿದರು, ಅಷ್ಟು ಮಾತ್ರ ಸರಿ. ಮುಂದೆ ಯಾರೋ ಹೇಳಿದರೆಂದು ಚೆಕ್‌ಡಿಸ್ಕ್ ಹಾಕಿ ರಾತ್ರಿಯಿಡೀ ಓಡಿಸಿದರು. ಚೆಕ್‌ಡಿಸ್ಕ್‌ನ ಕೆಲಸ ಫೈಲ್ ಸಿಸ್ಟಮ್‌ನ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯ, ಲೆಕ್ಕ ಸರಿಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಲೆಕ್ಕಕ್ಕೆ ಸಿಗದ ತುಂಡುಗಳನ್ನು ‘ಫೌಂಡ್’ ಎಂಬ ಫೋಲ್ಡರ್‌ಗೆ ಎಸೆಯುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. ಸೆಕ್ಟರ್ (ಡೇಟಾ ಕೂರುವ ಸಣ್ಣ ಸಣ್ಣ ಜಾಗ) ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ತಿರುಗಿಸಿ ಓದಿಸಿದರೆ ಉಳಿದ ಜೀವವೂ ಹೋಗುತ್ತದೆ. ಬೆಳಿಗ್ಗೆ ರಿಕವರಿ ಸಾಫ್ಟ್‌ವೇರ್ ಇಳಿಸಿದರು, ಅದೂ ಆ ಡಿಸ್ಕಿಗೇ. ಸಿಕ್ಕ ಫೈಲ್‌ಗಳನ್ನು ಉಳಿಸಿದ್ದೂ ಅದಕ್ಕೇ. ಬರೆದಷ್ಟೂ ಹಳೆಯದು ಅಳಿಯಿತು.

ಮಾಡಬೇಕಿದ್ದದ್ದು ಇಷ್ಟು: ತಕ್ಷಣ ಆಫ್ ಮಾಡಿ ಡಿಸ್ಕ್ ಹೊರತೆಗೆಯುವುದು. ಅಷ್ಟೇ ದೊಡ್ಡ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್‌ನಿಂದ ಸೆಕ್ಟರ್ ಸೆಕ್ಟರಾಗಿ ನಕಲು ಇಳಿಸುವುದು, ಹುಡುಕಾಟವನ್ನೆಲ್ಲ ಆ ನಕಲಿನ ಮೇಲೆ ಮಾಡುವುದು. ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಓದಲು ಬರುವುದನ್ನು ಎತ್ತಿಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಗೆ ಕೈ ಹಾಕುತ್ತದೆ. ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಇದನ್ನೂ ಮಾಡಬೇಡಿ. ಅದು ಹೆಡ್ಡಿನ ತೊಂದರೆ, ಲ್ಯಾಬ್‌ನಲ್ಲೇ ಬಿಚ್ಚಬೇಕು. ಫ್ರಿಜ್‌ನಲ್ಲಿಡುವ ಉಪಾಯ ಹೇಳುವವರು ಇನ್ನೂ ಇದ್ದಾರೆ. ಒಳಗೆ ನೀರಿನ ಪಸೆ ಕೂರುತ್ತದೆ, ಅಷ್ಟೇ ಲಾಭ.

ಕೊನೆಗೆ ಫೋಟೋರೆಕ್ ಎಂಬ ರಿಕವರಿ ಸಾಫ್ಟ್‌ವೇರ್‌ನಿಂದ ಒಂದಷ್ಟು ಬಂತು. ಅದು ಫೈಲಿನ ಗುರುತು ನೋಡಿ ಎತ್ತುತ್ತದೆಯೇ ಹೊರತು ಹೆಸರು ನೋಡಿ ಅಲ್ಲ. ಹಾಗಾಗಿ ಯಾರ ಮದುವೆ, ಯಾವ ಜಾತ್ರೆಯ ಫ್ಲೆಕ್ಸ್ ಎಂಬ ಫೋಲ್ಡರ್‌ಗಳೆಲ್ಲ ಹೋಗಿ, ಎಫ್ ಅಕ್ಷರದ ಮುಂದೆ ಉದ್ದದ ಸಂಖ್ಯೆ ಇರುವ ಸಾವಿರಾರು ಫೈಲ್‌ಗಳು ಉಳಿದವು. ಎಷ್ಟೋ ಫೋಟೋಗಳು ಅರ್ಧ ಬೂದು. ತಟ್ಟೆಯ ಬದಲು ಚಿಪ್ ಇರುವ ಎಸ್‌ಎಸ್‌ಡಿ ಆಗಿದ್ದು, ಫೈಲ್‌ಗಳನ್ನು ಕೈತಪ್ಪಿ ಅಳಿಸಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ಖಾಲಿ ಮಾಡಿಬಿಡುತ್ತದೆ.

ಬ್ಯಾಕಪ್ ಎನ್ನಿಸಿಕೊಳ್ಳುವ ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಮೂಲವನ್ನು ಕೊಂದದ್ದು ಇದನ್ನೂ ಕೊಲ್ಲುತ್ತದೆಯೇ? ಸದಾ ಚುಚ್ಚಿಟ್ಟ ಎಕ್ಸ್‌ಟರ್ನಲ್ ಡಿಸ್ಕನ್ನು ಕೊಲ್ಲುತ್ತದೆ. ಕ್ರ್ಯಾಕ್ ಮಾಡಿದ ಫೋಟೋಶಾಪ್, ಕೋರೆಲ್ ಜೊತೆ ಬರುವ ರ‍್ಯಾನ್ಸಮ್‌ವೇರ್, ಸಿಕ್ಕಿದ ಡ್ರೈವ್‌ಗಳಿಗೆಲ್ಲ ಬೀಗ ಹಾಕುತ್ತ ಹೋಗಿ ಹಣ ಕೇಳುತ್ತದೆ. ಗೂಗಲ್ ಡ್ರೈವ್‌ನ ಸಿಂಕ್ ಕೂಡ ಅರ್ಧ ಮಾತ್ರ ಬ್ಯಾಕಪ್: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಟ್ರ್ಯಾಶ್‌ನಲ್ಲಿ ಇರುವುದು 30 ದಿನ. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋಗಳೂ ಸೇರಬೇಕು. ಒಂದು ಮದುವೆಯ ವಿಡಿಯೋಗೇ ಸಾಲದು.

ಅಗ್ಗದ ‘2 ಟಿಬಿ’ ಪೆನ್‌ಡ್ರೈವ್‌ಗಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಒಳಗೆ 32 ಜಿಬಿಯೋ 64 ಜಿಬಿಯೋ ಇರುತ್ತದೆ. ಕಂಪ್ಯೂಟರ್‌ಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಕಾಪಿ ಆದಂತೆ ಕಾಣುತ್ತದೆ, ಫೈಲ್ ಹೆಸರೂ ಇರುತ್ತದೆ, ತೆರೆದರೆ ಏನೂ ಇಲ್ಲ. ಕೊಂಡ ದಿನವೇ ಹೆಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಪೂರ್ತಿ ಬರೆದು ಓದಿಸಿ ನೋಡಿ.

ಇಂಥ ಅಂಗಡಿಗೆ ಬೇಕಾದದ್ದು ಎರಡು ಎಕ್ಸ್‌ಟರ್ನಲ್ ಡಿಸ್ಕ್, ತಲಾ 2 ಟಿಬಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ವಾರದ ರಜೆಯ ಹಿಂದಿನ ಸಂಜೆ ಅದಲುಬದಲು. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ; ಇನ್ನೊಂದು ಬಗೆಯಾದ ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಮಾಡುವ ಬದಲಾವಣೆಯನ್ನು ಮೊದಲೇ ಗುರುತಿಟ್ಟುಕೊಳ್ಳುವ ದಾಖಲೆ) ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಕೆಡುವ ಸಂಭವ ಹೆಚ್ಚು. ನೀಲಿ ಯುಎಸ್‌ಬಿ ಪೋರ್ಟ್‌ಗೆ ಹಾಕಿದರೆ 500 ಜಿಬಿಗೆ ಸುಮಾರು ಒಂದೂವರೆ ಗಂಟೆ, ಹಳೆಯ ಪೋರ್ಟ್‌ನಲ್ಲಿ ನಾಲ್ಕೈದು ಗಂಟೆ. ಸಣ್ಣ ಫೈಲ್‌ಗಳು ಜಾಸ್ತಿ ಇದ್ದರೆ ಇನ್ನೂ ನಿಧಾನ. ಕಾಪಿ ಮಾಡಲು ಫ್ರೀಫೈಲ್‌ಸಿಂಕ್ ಎಂಬ ಸಾಫ್ಟ್‌ವೇರ್ ಸಾಕು, ಆದರೆ ಅದರಲ್ಲಿ ‘ಮಿರರ್’ ಬಿಟ್ಟು ‘ಅಪ್‌ಡೇಟ್’ ಆರಿಸಿ. ಮಿರರ್ ಆದರೆ ನೀವು ತಪ್ಪಿ ಅಳಿಸಿದ್ದನ್ನು ಬ್ಯಾಕಪ್‌ನಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ಹಳೆಯ ಆವೃತ್ತಿಗಳನ್ನು ಬೇರೆ ಫೋಲ್ಡರ್‌ನಲ್ಲಿಡುವ ‘ವರ್ಷನಿಂಗ್’ ಕೂಡ ಹಾಕಿಕೊಳ್ಳಿ. ಮುಗಿದ ಮೇಲೆ ಡಿಸ್ಕ್ ಕಿತ್ತಿಡಬೇಕು, ಅದೂ ‘ಇಜೆಕ್ಟ್’ ಕೊಟ್ಟು.

ಮಂಡಿಪೇಟೆಯ ಲೆಕ್ಕದವರಿಗೆ ಒಂದು ಮಾತು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ಕೊಡುವಾಗ ಅದು ಎಲ್ಲಿಗೆ ಹೋಗುತ್ತಿದೆ ಎಂದು ಓದಿ ನೋಡಿ. ಅದೇ ಕಂಪ್ಯೂಟರ್‌ಗೆ ಹೋಗುತ್ತಿದ್ದರೆ ಕಥೆ ಮೇಲಿನದ್ದೇ. ಮೈಕ್ರೋಸಾಫ್ಟ್ ಖಾತೆಯಿಂದ ತೆರೆಯುವ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಇದ್ದವರು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಅದಿಲ್ಲದಿದ್ದರೆ ಲ್ಯಾಪ್‌ಟಾಪ್ ಕೆಟ್ಟ ದಿನ ಡಿಸ್ಕ್ ಚೆನ್ನಾಗಿದ್ದರೂ ಯಾರಿಂದಲೂ ಓದಲಾಗದು.

ತಿಂಗಳಿಗೊಮ್ಮೆ, ಅಮಾವಾಸ್ಯೆ ಪೂಜೆಗೆ ಅಂಗಡಿ ತೊಳೆಯುವ ದಿನವೇ ಆಗಲಿ, ಎರಡು ಕೆಲಸ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು, ಕೆಟ್ಟ ಸೆಕ್ಟರ್‌ಗಳ ಲೆಕ್ಕವಿರುವ 05, ಸಿ5, ಸಿ6 ಸಾಲುಗಳ ಕೊನೆಯಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದೆಯೇ ನೋಡಿ. ಏರುತ್ತಿದ್ದರೆ ಆವತ್ತೇ ಹೊಸ ಡಿಸ್ಕ್ ತನ್ನಿ. ಇನ್ನೊಂದು, ಬ್ಯಾಕಪ್‌ನಿಂದ ಐದಾರು ಫೈಲ್‌ಗಳನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಡಿಟಿಪಿಯವರಿಗೆ ಇಲ್ಲೇ ಗೊತ್ತಾಗುವುದು: ಹಳೆಯ ನುಡಿ, ಶ್ರೀಲಿಪಿ ಫಾಂಟ್ ಇಲ್ಲದ ಕಡೆ ಲಗ್ನಪತ್ರಿಕೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫಾಂಟ್‌ಗಳ ಫೋಲ್ಡರನ್ನೂ ಅದೇ ಡಿಸ್ಕಿಗೆ ಹಾಕಿ.