ಸಬ್ಸಿಡಿ ಸೋಲಾರಾ, ಸಬ್ಸಿಡಿ ಇಲ್ಲದ್ದಾ? ಎರಡೂ ಹಾಕಿಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಬ್ಸಿಡಿಗೆ. ತುಮಕೂರಿನ ನಮ್ಮ ಮನೆಗೆ ಸಬ್ಸಿಡಿ ಬಿಟ್ಟು ಸೋಲಾರ್ ಹಾಕಿಸಿದೆ. ಆರು ತಿಂಗಳಾದ ಮೇಲೆ ತಿಪಟೂರಿನ ಅಮ್ಮನ ಮನೆಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದೆ. ಎರಡೂ 3 ಕಿಲೋವ್ಯಾಟ್, ಎರಡಕ್ಕೂ ನೆಟ್ ಮೀಟರ್, ಅಂದರೆ ನಾವು ಲೈನಿಗೆ ಕೊಟ್ಟ ಕರೆಂಟನ್ನು ಬಳಸಿದ್ದರಲ್ಲಿ ಕಳೆಯುವ ಮೀಟರ್. ಒಳ್ಳೆ ಬಿಸಿಲಿದ್ದ ದಿನ ಎರಡರಲ್ಲೂ 12 ಯೂನಿಟ್ ಹತ್ತಿರ ಬರುತ್ತದೆ.

ತುಮಕೂರಿನಲ್ಲಿ ನಾನು ಎಡವಿದ್ದು ಸೋಲಾರ್ ಹಾಕುವವನ ಮಾತು ಕೇಳಿ. "ಸಬ್ಸಿಡಿ ಎಲ್ಲಾ ತಲೆನೋವು ಸಾರ್. ಹೊರದೇಶದ ಸೆಲ್ ಇರುವ ಪ್ಯಾನೆಲ್ ಹಾಕಿಸಿ, ರೇಟ್ ಕಮ್ಮಿ" ಅಂದ. ಕಮ್ಮಿ ಅನ್ನುವುದು ಸುಳ್ಳಲ್ಲ, 1.55 ಲಕ್ಷಕ್ಕೆ ಮುಗಿಯಿತು. ಸಬ್ಸಿಡಿ ಬೇಕೆಂದರೆ ಸೆಲ್, ಪ್ಯಾನೆಲ್ ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಅದರ ರೇಟು ಜಾಸ್ತಿ. ತಿಪಟೂರಿಗೆ 1.95 ಲಕ್ಷ ಬಿತ್ತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ವಾಪಸ್ ಬಂತು. ಉಳಿದ ಖರ್ಚು 1.17 ಲಕ್ಷ. ಜಾಹೀರಾತಿನಲ್ಲಿ 78,000 ಅಂತ ಕಂಡರೂ, ತುಮಕೂರಿನ 1.55 ಲಕ್ಷಕ್ಕೆ ಹೋಲಿಸಿದರೆ ನಿಜಕ್ಕೂ ಲಾಭ 38,000. ನನ್ನ ಸಂಬಳಕ್ಕೆ ಅದೂ ಸುಮ್ನೆ ಬಿಡುವ ದುಡ್ಡಲ್ಲ.

ಇನ್ನು ಆ ತಲೆನೋವು. ತಿಪಟೂರಿನ ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ಅಪ್ಪನ ಹೆಸರಿನಲ್ಲೇ ಇತ್ತು. ಅಪ್ಪ ಹೋಗಿ ಒಂಬತ್ತು ವರ್ಷ. ತಿಂಗಳು ತಿಂಗಳು ಅವರ ಹೆಸರಿಗೇ ಬಿಲ್ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು, ಯಾರೂ ಕೇಳಿರಲಿಲ್ಲ. ಅರ್ಜಿ ಹಾಕಲು ಕೂತಾಗ ಸಿಕ್ಕಿಬಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ, ಮಕ್ಕಳೆಲ್ಲರ ಒಪ್ಪಿಗೆ ಪತ್ರ ಬೇಕು ಅಂದರು. ಅಕ್ಕ ಇರುವುದು ಹುಬ್ಬಳ್ಳಿಯಲ್ಲಿ. ಛಾಪಾ ಕಾಗದ ಕೊರಿಯರ್‌ನಲ್ಲಿ ಹೋಗಿ ಬಂತು, ನೋಡಿದರೆ ಎರಡನೇ ಹಾಳೆಗೆ ಸಹಿಯೇ ಇಲ್ಲ. ಮತ್ತೆ ಕಳಿಸಿದೆ.

ಕೊನೆಗೆ ಹೆಸರು ಅಮ್ಮನಿಗಾಯಿತು. ಪ್ಯಾನೆಲ್ ಮೇಲೇರಿತು, ಮೀಟರ್ ಬಂತು, ದುಡ್ಡು ಮಾತ್ರ ಬರಲಿಲ್ಲ. ಸಬ್ಸಿಡಿ ಖಾತೆಗೆ ಬೀಳುವುದು ಎಲ್ಲಾ ಮುಗಿದ ಮೇಲೆ. ಅಲ್ಲಿವರೆಗೆ ಪೂರ್ತಿ ಮೊತ್ತ ನಮ್ಮ ಕೈಯಿಂದಲೇ. ಏನಾಯ್ತು ಅಂತ ಹುಡುಕಿದರೆ, ಬಿಲ್ಲಿನಲ್ಲಿ ಜಯಮ್ಮ, ಪಾಸ್‌ಬುಕ್ಕಿನಲ್ಲಿ ಜಯಲಕ್ಷ್ಮಮ್ಮ. "ಎರಡೂ ನಾನೇ ಅಲ್ವೇನೋ?" ಅಂದಳು ಅಮ್ಮ. ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಆಧಾರ್‌ನಲ್ಲಿ ಇದ್ದ ಹಾಗೆ ಹೆಸರು ತಿದ್ದಿಸಿದೆ. ಐದು ವಾರಕ್ಕೆ ಮೆಸೇಜ್ ಬಂತು.

ಯೋಜನೆಯಲ್ಲಿ ಅಡಮಾನವಿಲ್ಲದ ಸಾಲವೂ ಇದೆ. ನಾನು ಚೀಟಿ ಎತ್ತಿದ್ದೆ, ಹಾಗಾಗಿ ಆ ಕಡೆ ಹೋಗಲಿಲ್ಲ.

ಅವಸರ ಇದ್ದವರಿಗೆ, ಕಚೇರಿ ಅಲೆಯಲು ರಜೆ ಸಿಗದವರಿಗೆ ತುಮಕೂರಿನ ದಾರಿಯೇ ಸರಿ ಇರಬಹುದು. ನನಗೆ ಶನಿವಾರ ಅರ್ಧ ದಿನ ಬಿಡುವು. ಅಲೆದೆ, 38,000 ಉಳಿಸಿದೆ. ತುಮಕೂರಲ್ಲೂ ಹಾಗೇ ಮಾಡಬಹುದಿತ್ತು. ಅಲ್ಲಿ ಬಿಲ್ ನನ್ನ ಹೆಸರಿನಲ್ಲೇ ಇತ್ತು, ಅಲೆದಾಟವೂ ಇರುತ್ತಿರಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಮೊನ್ನೆ ಅಕ್ಕ ಫೋನ್ ಮಾಡಿ, ತಾನೂ ಹಾಕಿಸಲಾ ಅಂತ ಕೇಳಿದಳು. ಅವಳ ಮನೆಯಲ್ಲಿ ತಿಂಗಳಿಗೆ 110 ಯೂನಿಟ್ ಅಷ್ಟೆ, ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ನಮ್ಮೆರಡು ಮನೆಯಲ್ಲೂ ಬೋರಿನ ಮೋಟರ್ ಇದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಅದಕ್ಕೇ ಸೋಲಾರ್. ನಿನಗೆ ಬೇಡ ಅಂದೆ. ಆದರೆ ಅವಳ ಮನೆ ಬಿಲ್ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲೇ ಬರುತ್ತಿದೆಯಂತೆ. ಅದನ್ನಾದರೂ ಈಗಲೇ ಬದಲಾಯಿಸಿಕೋ ಅಂತ ಹೇಳಿದ್ದೇನೆ.