ಫ್ಲಾಟ್, ಸಾಲುಮನೆ, ಹೊಸ ಜೋಡಿಮನೆ: ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಎಲ್ಲಿ ಕಡಿಮೆ?

ಇಂಗ್ಲೆಂಡಿಗೆ ಬಂದ ನಮ್ಮವರು ಮನೆ ಹುಡುಕುವಾಗ ಬಾಡಿಗೆ ಕೇಳುತ್ತಾರೆ, ಸ್ಟೇಷನ್ ಎಷ್ಟು ದೂರ ಅಂತ ಕೇಳುತ್ತಾರೆ, ಇಂಡಿಯನ್ ಅಂಗಡಿ ಹತ್ತಿರ ಇದೆಯಾ ಅಂತಲೂ ಕೇಳುತ್ತಾರೆ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ, ಯಾವ ಬ್ಯಾಂಡ್ (ದರ್ಜೆ) ಅಂತ ಕೇಳುವವರು ಕಡಿಮೆ. ಊರಿನಲ್ಲಿ ಮನೆ ಕಂದಾಯ ಓನರ್ ತಲೆನೋವು, ಬಾಡಿಗೆಗೆ ಇರುವವರಿಗೆ ಆ ರಸೀದಿ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಹಾಗಲ್ಲ. ಇಡೀ ಮನೆ ಬಾಡಿಗೆಗೆ ಹಿಡಿದರೆ ವಾಸ ಇರುವವರೇ ಕಟ್ಟಬೇಕು. ತಿಂಗಳಿಗೆ 200 ಪೌಂಡ್ ಆಸುಪಾಸು ಅಂದರೆ ಸಣ್ಣ ದುಡ್ಡಲ್ಲ, ಅಲ್ವಾ?

ನಾನು ಮೂರು ಥರದ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಮೊದಲು ಒಬ್ಬನೇ ಇದ್ದಾಗ ಲಂಡನ್ನಿನ ಅಂಚಿನಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್, ಬಿ ಬ್ಯಾಂಡ್. ಹೆಂಡತಿ ಬಂದ ಮೇಲೆ ರೆಡಿಂಗ್ ಊರಲ್ಲಿ ಹಳೇ ಸಾಲುಮನೆ, ಸಿ ಬ್ಯಾಂಡ್. ಮಗು ಆದ ಮೇಲೆ ಹೊಸ ಬಡಾವಣೆಯಲ್ಲಿ ಜೋಡಿಮನೆ, ಅಂದರೆ ಪಕ್ಕದವರ ಜೊತೆ ಒಂದು ಗೋಡೆ ಮಾತ್ರ ಹಂಚಿಕೊಂಡ ಸೆಮಿ ಡಿಟ್ಯಾಚ್ಡ್. ಅದು ಡಿ ಬ್ಯಾಂಡ್. ನಾನು ಕಟ್ಟಿದ ಬಿಲ್ಲುಗಳು ಬೇರೆ ಬೇರೆ ವರ್ಷದವು, ಬೇರೆ ಬೇರೆ ಕೌನ್ಸಿಲಿನವು. ಅದಕ್ಕೇ ಹೋಲಿಕೆಗೆ 2025–26ರ ಇಂಗ್ಲೆಂಡಿನ ಸರಾಸರಿ ಇಟ್ಟುಕೊಳ್ಳುತ್ತೇನೆ: ಡಿ ಬ್ಯಾಂಡಿಗೆ ವರ್ಷಕ್ಕೆ 2,280 ಪೌಂಡ್.

ಮೊದಲು ಲೆಕ್ಕ. ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡ್. ಬೆಂಗಳೂರಿನ ಆಸ್ತಿ ತೆರಿಗೆಯ ವಲಯಗಳನ್ನು ನೋಡಿದವರಿಗೆ ಇದು ಉಲ್ಟಾ ಅನಿಸುತ್ತದೆ. ಅಲ್ಲಿ ಎ ಅಂದರೆ ದುಬಾರಿ ಏರಿಯಾ, ಇಲ್ಲಿ ಎ ಅಂದರೆ ಎಲ್ಲಕ್ಕಿಂತ ಅಗ್ಗ. ಬ್ಯಾಂಡ್ ನಿರ್ಧಾರ ಆಗುವುದು ಇವತ್ತಿನ ಬೆಲೆಯ ಮೇಲಲ್ಲ. 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಹೋಗುತ್ತಿತ್ತು ಅನ್ನುವುದರ ಮೇಲೆ. 40,000 ಪೌಂಡ್‌ವರೆಗೆ ಎ, 52,000ದವರೆಗೆ ಬಿ, 68,000ದವರೆಗೆ ಸಿ, 88,000ದವರೆಗೆ ಡಿ. ಕೊನೆಗೆ 3,20,000 ದಾಟಿದ್ದೆಲ್ಲ ಎಚ್. ತಲೆಗಿಷ್ಟು ಅಂತ ವಸೂಲಿ ಮಾಡುತ್ತಿದ್ದ ಪೋಲ್ ಟ್ಯಾಕ್ಸ್ ವಿರುದ್ಧ ಜನ ಬೀದಿಗಿಳಿದ ಮೇಲೆ 1993ರಲ್ಲಿ ಈ ಪದ್ಧತಿ ಬಂತು. ಆಗ ಎಷ್ಟೋ ಮನೆಗಳ ಬೆಲೆಯನ್ನು ಬೀದಿಯಲ್ಲಿ ಕಾರು ನಿಧಾನಕ್ಕೆ ಓಡಿಸಿಕೊಂಡು ಹೊರಗಿನಿಂದಲೇ ಅಂದಾಜು ಮಾಡಿದ್ದರು. ಇಂಗ್ಲೆಂಡ್ ಇವತ್ತಿಗೂ ಆ ಅಂದಾಜಿನ ಮೇಲೇ ನಡೆಯುತ್ತಿದೆ.

ಅಕ್ಷರದಿಂದ ಅಕ್ಷರಕ್ಕೆ ಮೆಟ್ಟಿಲು ಒಂದೇ ಎತ್ತರ ಅಲ್ಲ. ಇದನ್ನು ಗಮನಿಸಿ. ಡಿ ಬ್ಯಾಂಡನ್ನು ಒಂಬತ್ತು ಪಾಲು ಅಂತ ಹಿಡಿದರೆ ಎ ಆರು ಪಾಲು, ಬಿ ಏಳು, ಸಿ ಎಂಟು. ಮೇಲೆ ಹೋದರೆ ಇ ಹನ್ನೊಂದು, ಎಫ್ ಹದಿಮೂರು, ಜಿ ಹದಿನೈದು, ಎಚ್ ಹದಿನೆಂಟು. ಸರಾಸರಿ ಲೆಕ್ಕದಲ್ಲಿ ಸಿ ಇಂದ ಡಿಗೆ ಹೋದರೆ ವರ್ಷಕ್ಕೆ ಸುಮಾರು 253 ಪೌಂಡ್ ಜಾಸ್ತಿ. ಡಿ ಇಂದ ಇಗೆ ಹೋದರೆ ಅದರ ಎರಡರಷ್ಟು, 507. ಹಾಗಾಗಿ ಸಿ, ಡಿ ನಡುವೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇ ಬರದ ಹಾಗೆ ನೋಡಿಕೊಳ್ಳುವುದು ಜಾಣತನ. ಇನ್ನು ತುದಿಯಲ್ಲಿ ನೋಡಿದರೆ ಎಚ್‌ನವರು ಕಟ್ಟುವುದು ಎ ಬ್ಯಾಂಡಿನ ಮೂರು ಪಟ್ಟು ಮಾತ್ರ. ಮನೆ ಬೆಲೆ ಎಂಟು ಪಟ್ಟಿಗಿಂತ ಜಾಸ್ತಿ ಇದ್ದರೂ ಅಷ್ಟೇ. ದೊಡ್ಡ ಮನೆಯವರಿಗೆ ಒಳ್ಳೇ ರಿಯಾಯಿತಿ.

ಫ್ಲಾಟ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿ ಬ್ಯಾಂಡಿಗೆ ಸರಾಸರಿ 1,773 ಪೌಂಡ್. ಒಬ್ಬರೇ ಇದ್ದರೆ ಶೇಕಡ 25 ಕಡಿತ, ಅಂದರೆ 1,330. ಆ ಕಡಿತ ತಾನಾಗೇ ಬರುವುದಿಲ್ಲ, ಕೌನ್ಸಿಲ್ ವೆಬ್‌ಸೈಟಿನಲ್ಲಿ ನಾವೇ ಕೇಳಬೇಕು. ವೀಸಾದಲ್ಲಿ 'ಸರ್ಕಾರಿ ನೆರವು ಪಡೆಯುವಂತಿಲ್ಲ' ಅಂತ ಬರೆದಿರುವುದನ್ನು ನೋಡಿ ಹೆದರಿ ಕೇಳದೆ ಕೂತವರನ್ನು ನೋಡಿದ್ದೇನೆ. ಒಬ್ಬರೇ ಇರುವವರ ಕಡಿತ ಆ ನೆರವಿನ ಪಟ್ಟಿಯಲ್ಲಿ ಬರುವುದಿಲ್ಲ, ಧೈರ್ಯವಾಗಿ ಕೇಳಿ. ಕಡಿಮೆ ಆದಾಯದವರಿಗೆ ಕೊಡುವ ರಿಯಾಯಿತಿ ಬೇರೆ. ಅದು ಆ ಪಟ್ಟಿಯಲ್ಲಿದೆ, ಅದರ ತಂಟೆಗೆ ಹೋಗಬೇಡಿ. ಪೂರ್ಣಾವಧಿ ವಿದ್ಯಾರ್ಥಿಗಳೇ ತುಂಬಿದ ಮನೆಗಂತೂ ತೆರಿಗೆಯೇ ಇಲ್ಲ. ವಿದ್ಯಾರ್ಥಿಗಳ ಮಧ್ಯೆ ಕೆಲಸಕ್ಕೆ ಹೋಗುವವರು ಒಬ್ಬರೇ ಇದ್ದರೆ ಅವರನ್ನು ಒಂಟಿ ಅಂತಲೇ ಲೆಕ್ಕ ಹಾಕಿ ಅದೇ 25 ಕಡಿತ ಕೊಡುತ್ತಾರೆ.

ನಿಜವಾದ ಪೈಪೋಟಿ ಸಾಲುಮನೆಗೂ ಹೊಸ ಜೋಡಿಮನೆಗೂ.

ರೆಡಿಂಗ್ ಮನೆ ಕೆಂಪು ಇಟ್ಟಿಗೆಯದು, ಎರಡು ಕಡೆಯೂ ಪಕ್ಕದ ಮನೆಯ ಗೋಡೆ, ಬಾಗಿಲು ತೆರೆದರೆ ಫುಟ್‌ಪಾತ್. ಹೊರಗಿನಿಂದ ನೋಡಿದರೆ ಎರಡು ರೂಮಿನ ಮನೆ. ಆದರೆ ಓನರ್ ಅಟ್ಟವನ್ನು ಬೆಡ್‌ರೂಮ್ ಮಾಡಿಸಿದ್ದರು, ಹಿಂದೆ ಅಡುಗೆಮನೆ ಉದ್ದ ಮಾಡಿಸಿದ್ದರು. ಅಷ್ಟಾದರೂ ಬ್ಯಾಂಡ್ ಸಿ. ಕಾರಣ ಇಷ್ಟೇ: ಇರುವ ಮನೆಗೆ ರೂಮು ಸೇರಿಸಿದರೆ ಬ್ಯಾಂಡ್ ತಕ್ಷಣ ಏರುವುದಿಲ್ಲ. ಅದು ಮಾರಾಟವಾದಾಗ ಮಾತ್ರ ಮತ್ತೆ ಲೆಕ್ಕ ಹಾಕುತ್ತಾರೆ. ಮನೆಯ ಬ್ಯಾಂಡ್ ಅಂದರೆ ಜಾತಕ ಇದ್ದ ಹಾಗೆ. ಹುಟ್ಟಿದಾಗ ಬರೆದಿಟ್ಟದ್ದನ್ನು ಕೈ ಬದಲಾಗುವ ಹೊತ್ತಿಗೆ ಹೊರಗೆ ತೆಗೆಯುತ್ತಾರೆ.

ಇದನ್ನು ನೀವೇ ನೋಡಬಹುದು. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಆ ಬೀದಿಯ ಮನೆ ನಂಬರುಗಳೆಲ್ಲ ಸಾಲಾಗಿ ಬರುತ್ತವೆ, ಪಕ್ಕದಲ್ಲಿ ಅಕ್ಷರ. ದುಡ್ಡಿಲ್ಲ, ಲಾಗಿನ್ ಇಲ್ಲ. ನಮ್ಮ ಬೀದಿಯಲ್ಲಿ ಸಾಲಾಗಿ ಸಿ, ಸಿ, ಸಿ. ಮೂಲೆಯ ಮನೆ ಮಾತ್ರ ಡಿ. ಮನೆ ನಂಬರ್ ಒತ್ತಿ ಒಳಗೆ ಹೋದರೆ ಮನೆ ದೊಡ್ಡದು ಮಾಡಿಸಿದ್ದಾರೆ ಅನ್ನುವ ಗುರುತು ಕೆಲವಕ್ಕೆ ಇರುತ್ತದೆ. ನಮ್ಮದಕ್ಕೆ ಇತ್ತು. ಬಾಡಿಗೆಗೆ ಹೋಗುವವರಿಗೆ ಆ ಗುರುತು ಒಳ್ಳೇದು: ರೂಮು ಜಾಸ್ತಿ, ತೆರಿಗೆ ಹಳೇದು. ಕೊಂಡುಕೊಳ್ಳುವವರಿಗೆ ಅದೇ ಎಚ್ಚರಿಕೆ. ನೀವು ಕೊಂಡ ಮೇಲೆ ಸಿ ಹೋಗಿ ಡಿ ಆಗಬಹುದು.

ಹೊಸ ಜೋಡಿಮನೆಯಲ್ಲಿ ಈ ಲಾಭ ಇಲ್ಲ. ಮೊನ್ನೆ ಮೊನ್ನೆ ಕಟ್ಟಿದ ಮನೆ 1991ರಲ್ಲಿ ಇದ್ದಿದ್ದರೆ ಬೆಲೆ ಎಷ್ಟು ಅಂತ ಮನೆಗಳಿಗೆ ಬೆಲೆ ಕಟ್ಟುವ ಸರ್ಕಾರಿ ಕಚೇರಿ ಲೆಕ್ಕ ಹಾಕುತ್ತದೆ. ಆ ವರ್ಷ ಅಲ್ಲಿ ಬರೀ ಹೊಲ ಇತ್ತು ಅನ್ನೋದು ಬೇರೆ ಮಾತು! ಗ್ಯಾರೇಜು, ಎರಡನೇ ಬಾತ್‌ರೂಮು ಎಲ್ಲ ಆ ಲೆಕ್ಕದೊಳಗೇ. ನಮ್ಮ ಮೂರು ರೂಮುಗಳಲ್ಲಿ ಒಂದರಲ್ಲಿ ತೊಟ್ಟಿಲು ಇಟ್ಟರೆ ಕಾಲಿಡಲು ಜಾಗ ಇರಲಿಲ್ಲ, ಆದರೂ ಡಿ. ಮನೆ ತೋರಿಸಿದ ಏಜೆಂಟ್ ಸಿ ಅಂದಿದ್ದ, ಬಿಲ್ ಬಂದಾಗ ಡಿ. ಕೇಳಿದರೆ 'ಓನರ್ ಹಾಗೆ ಹೇಳಿದ್ದರು' ಅಂತ ಜಾರಿಕೊಂಡ. ಏಜೆಂಟರ ಬಾಯಿಮಾತು ಬೇಡ, ವೆಬ್‌ಸೈಟಿನ ಅಕ್ಷರವನ್ನೇ ನಂಬಿ. ಇನ್ನೊಂದು ಕಿರಿಕಿರಿ. ಬಡಾವಣೆಯ ರಸ್ತೆಯನ್ನು ಕೌನ್ಸಿಲ್ ಇನ್ನೂ ವಹಿಸಿಕೊಂಡಿರಲಿಲ್ಲ, ಹುಲ್ಲು ಕತ್ತರಿಸುವುದಕ್ಕೆ ಖಾಸಗಿ ಕಂಪನಿಗೆ ಓನರ್ ಬೇರೆ ದುಡ್ಡು ಕಟ್ಟುತ್ತಿದ್ದರು. ಕೌನ್ಸಿಲ್ ಟ್ಯಾಕ್ಸ್ ಮಾತ್ರ ಪೂರ್ತಿ.

ಹಾಗಂತ ಹೊಸ ಮನೆ ಸೋತೇ ಹೋಯಿತು ಅಂತಲ್ಲ. ಸಾಲುಮನೆಯ ಹಳೇ ಗೋಡೆಗಳಿಂದ ಬಿಸಿ ಸೋರಿಹೋಗುತ್ತದೆ. ಜನವರಿಯಲ್ಲಿ ಕಿಟಕಿಯ ಒಳಗಡೆ ನೀರು ಇಳಿಯುತ್ತಿತ್ತು, ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸುವುದೇ ಕೆಲಸ. ತೆರಿಗೆಯಲ್ಲಿ ಉಳಿದ 253 ಪೌಂಡನ್ನು ಗ್ಯಾಸ್ ಬಿಲ್ ನುಂಗಿತು. ಚಿಕ್ಕ ಮಗು ಇರುವವರಿಗೆ ನಾನು ಹೊಸ ಮನೆಯೇ ಸರಿ ಅನ್ನುತ್ತೇನೆ, ಡಿ ದಾಟದೆ ಇದ್ದರೆ. ಇಬ್ಬರೇ ಇದ್ದು ಇಬ್ಬರೂ ಆಫೀಸಿಗೆ ಹೋಗುವವರಾದರೆ ಸಿ ಬ್ಯಾಂಡಿನ ಸಾಲುಮನೆ ಗೆಲ್ಲುತ್ತದೆ.

ಆದರೆ ಅಕ್ಷರಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಕೌನ್ಸಿಲ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್, ವಾಂಡ್ಸ್‌ವರ್ತ್ ಎರಡರಲ್ಲೂ ಡಿ ಬ್ಯಾಂಡಿಗೆ 2025–26ರಲ್ಲಿ ಸುಮಾರು 1,000 ಪೌಂಡ್ ಅಷ್ಟೇ. ಅಂದರೆ ಬಕಿಂಗ್‌ಹ್ಯಾಮ್ ಅರಮನೆ ಇರುವ ವೆಸ್ಟ್‌ಮಿನ್‌ಸ್ಟರಿನಲ್ಲಿ ಎಚ್ ಬ್ಯಾಂಡಿಗೆ ಬೀಳುವುದು ಹೆಚ್ಚುಕಡಿಮೆ 2,000. ನಮ್ಮ ತೊಟ್ಟಿಲು ಹಿಡಿಸದ ಮನೆಯ ಡಿ ಬ್ಯಾಂಡಿನ ಸರಾಸರಿಗಿಂತ ಅದು ಕಡಿಮೆ! ಉತ್ತರದ ಕಡೆ ಇನ್ನೊಂದು ಕಥೆ. ಈಶಾನ್ಯ ಇಂಗ್ಲೆಂಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳು ಎ ಬ್ಯಾಂಡಿನವು. ಎಲ್ಲರೂ ಕೆಳಗಿನ ಅಕ್ಷರದಲ್ಲೇ ಇದ್ದರೆ ಕೌನ್ಸಿಲ್ ಖರ್ಚು ಎಲ್ಲಿಂದ ಹುಟ್ಟಬೇಕು? ಒಟ್ಟು ದರವೇ ಮೇಲೇರುತ್ತದೆ. ಎರಡು ಕೌನ್ಸಿಲಿನ ಗಡಿಯಲ್ಲಿ ಮನೆ ನೋಡುತ್ತಿದ್ದರೆ ಎರಡೂ ಕಡೆಯ ದರಪಟ್ಟಿ ತೆರೆದಿಟ್ಟುಕೊಳ್ಳಿ. ಇಪ್ಪತ್ತು ಲಕ್ಷ ಪೌಂಡ್ ದಾಟಿದ ಮನೆಗಳಿಗೆ 2028ರ ಏಪ್ರಿಲ್‌ನಿಂದ ಹೆಚ್ಚುವರಿ ತೆರಿಗೆ ಅಂತ 2025ರ ನವೆಂಬರ್ ಬಜೆಟ್ಟಿನಲ್ಲಿ ಹೇಳಿದ್ದಾರೆ. ಅದು ನಮ್ಮ ನಿಮ್ಮ ಚಿಂತೆ ಅಲ್ಲ ಬಿಡಿ.

ಹೊಸಬರು ಬಜೆಟ್ ಹಾಕುವಾಗ ಇನ್ನೊಂದು ವಿಷಯ. ವರ್ಷದ ಬಿಲ್ಲನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು ಮಾಡುತ್ತಾರೆ. 2,280 ಅಂದರೆ ತಿಂಗಳಿಗೆ 190 ಅಲ್ಲ, 228. ಫೆಬ್ರವರಿ, ಮಾರ್ಚ್ ಖಾಲಿ. ಹನ್ನೆರಡು ಕಂತು ಬೇಕು ಅಂತ ಕೇಳಿದರೆ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ನೀರಿನ ಬಿಲ್ ಇದರಲ್ಲಿ ಸೇರಿಲ್ಲ, ಸ್ಕಾಟ್ಲೆಂಡಿನಲ್ಲಿ ಈ ಬಿಲ್ಲಿನ ಜೊತೆಯಲ್ಲೇ ಬರುತ್ತದೆ. ವೇಲ್ಸ್‌ಗೆ ಹೋಗುವವರು ಮೇಲಿನ ಬೆಲೆಗಳನ್ನು ಮರೆತುಬಿಡಿ. ಅಲ್ಲಿ 2003ರ ಬೆಲೆ ಹಿಡಿದು 2005ರಿಂದ ಹೊಸ ಬ್ಯಾಂಡ್ ಮಾಡಿದ್ದಾರೆ, ಐ ಅಂತ ಒಂಬತ್ತನೆಯದೂ ಇದೆ.

ಅಕ್ಕಪಕ್ಕದ ಅದೇ ಥರದ ಮನೆಗಳೆಲ್ಲ ಸಿ ಇದ್ದು ನಿಮ್ಮದೊಂದೇ ಡಿ ಅಂತಾದರೆ ಆಕ್ಷೇಪ ಸಲ್ಲಿಸಬಹುದು. ಹೊಸದಾಗಿ ತೆರಿಗೆ ಕಟ್ಟಲು ಶುರು ಮಾಡಿದ ಆರು ತಿಂಗಳೊಳಗೆ ಮಾಡಿದರೆ ದಾರಿ ಸಲೀಸು. ಅರ್ಜಿ ಹಾಕುವ ಮುಂಚೆ ಬೀದಿಯ ಅಷ್ಟೂ ಅಕ್ಷರ ನೋಡಿಕೊಳ್ಳಿ. ಮತ್ತೆ ಲೆಕ್ಕ ಹಾಕಿದಾಗ ಬ್ಯಾಂಡ್ ಇಳಿಯುವ ಬದಲು ಏರಲೂಬಹುದು, ಪಕ್ಕದ ಮನೆಯವರದೂ ಜೊತೆಗೆ ಏರಬಹುದು. ಆಮೇಲೆ ಅವರ ಮುಖ ನೋಡುವುದು ಕಷ್ಟ.